ಇನ್ನೂರು ಅಡಿಯೊಳಗಿನವರು

ನ್ಯೂಜೆರ್ಸಿಯಲ್ಲಿ ಮನೆಗೆ ಸಂಬಂಧಪಟ್ಟ ವೇರಿಯನ್ಸ್ ಬೇಕೆಂದರೆ, ನಿಮ್ಮ ಜಾಗದಿಂದ 200 ಅಡಿಯೊಳಗೆ ಆಸ್ತಿ ಇರುವ ಪ್ರತಿಯೊಬ್ಬರಿಗೂ ಮೊದಲು ಕಾಗದ ಹಾಕಬೇಕು. ಊರಿನ ಜೋನಿಂಗ್ ಕಾನೂನು ಬೇಡ ಅಂದದ್ದನ್ನು ನಿಮ್ಮೊಬ್ಬರ ಜಾಗದ ಮಟ್ಟಿಗೆ ಆಗಲಿ ಅನ್ನುವ ವಿನಾಯಿತಿಯೇ ವೇರಿಯನ್ಸ್. ಹಿತ್ತಲ ಡೆಕ್ಕು ಬೇಲಿಗೆ ಎರಡಡಿ ಹೆಚ್ಚು ಹತ್ತಿರ ಬರುತ್ತದೆ, ಬೇಸ್‌ಮೆಂಟಿನಲ್ಲಿ ಪಾಠ ಹೇಳಬೇಕು, ಮೆಟ್ಟಿಲು ಹತ್ತಲಾರದ ಅಪ್ಪ ಅಮ್ಮನಿಗೆ ಕೆಳಗೊಂದು ಕೋಣೆ ಸೇರಿಸಬೇಕು, ಎಲ್ಲಕ್ಕೂ ದಾರಿ ಇದೇ. ನೆರೆಯವರ ಪಟ್ಟಿಯನ್ನು ಊರಿನ ಕಚೇರಿಯೇ ಕೊಡುತ್ತದೆ. ಹೆಸರೊಂದಕ್ಕೆ 25 ಸೆಂಟು ಅಥವಾ ಒಟ್ಟು 10 ಡಾಲರು, ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕಿಂತ ಜಾಸ್ತಿ ಕೇಳುವಂತಿಲ್ಲ ಎಂದು ರಾಜ್ಯದ ಕಾನೂನೇ ಹೇಳುತ್ತದೆ. ವಿಚಾರಣೆಗೆ 10 ದಿನ ಮುಂಚೆಯೇ ಕಾಗದ ಹೋಗಿರಬೇಕು, ಸಾರ್ವಜನಿಕ ಪ್ರಕಟಣೆಯೂ ಬಂದಿರಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಆ ಸಂಜೆ ನಿಮ್ಮ ಅರ್ಜಿಯನ್ನು ಯಾರೂ ಕೈಗೆತ್ತಿಕೊಳ್ಳುವುದಿಲ್ಲ.

ನಾನು ಈ ವ್ಯವಹಾರಕ್ಕೆ ಬಿದ್ದದ್ದು 1994ರಲ್ಲಿ. ಮಿಡ್ಲ್‌ಸೆಕ್ಸ್ ಕೌಂಟಿಯ ಒಂದು ಸಾಧಾರಣ ಟೌನ್‌ಶಿಪ್ಪಿನಲ್ಲಿ ಅದರ ಹಿಂದಿನ ವರ್ಷ ಮನೆ ಕೊಂಡಿದ್ದೆವು. ನನ್ನ ಹೆಂಡತಿ ಮೈಸೂರಿನಲ್ಲಿ ಸಂಗೀತದ ವಿದ್ವತ್ ಮುಗಿಸಿ ಬಂದವಳು. ಶನಿವಾರ ಬೆಳಿಗ್ಗೆ ಬೇಸ್‌ಮೆಂಟಿನಲ್ಲಿ ಜಮಖಾನ ಹಾಸಿ ಪಾಠ ಶುರುಮಾಡಿದಳು. ಮೊದಮೊದಲು ನಮ್ಮ ಮಗಳು ಮತ್ತು ಅವಳ ಗೆಳತಿಯರು ಮಾತ್ರ. ಬೃಂದಾವನ ಕನ್ನಡ ಕೂಟದ ಯುಗಾದಿಯಲ್ಲಿ ಆ ಮಕ್ಕಳು ಹಾಡಿದ್ದನ್ನು ಕೇಳಿದ ಮೇಲೆ ಬೇರೆಯವರೂ ಮಕ್ಕಳನ್ನು ಕರೆತಂದರು. ಆ ಕಾಲದಲ್ಲಿ ನಮ್ಮ ಕಡೆಯ ಬಹಳಷ್ಟು ಮನೆಗಳಲ್ಲಿ ಇಂಥದ್ದೊಂದು ನಡೆಯುತ್ತಿತ್ತು. ಒಬ್ಬರು ಭರತನಾಟ್ಯ ಕಲಿಸುತ್ತಿದ್ದರು, ಇನ್ನೊಬ್ಬರು ಗಣಿತದ ಟ್ಯೂಷನ್, ಮತ್ತೊಬ್ಬರು ಮಾರ್ಚ್ ಏಪ್ರಿಲ್ ತಿಂಗಳಲ್ಲಿ ಊರವರ ತೆರಿಗೆ ಲೆಕ್ಕ ಬರೆದುಕೊಡುತ್ತಿದ್ದರು, ಡಬ್ಬಿಗೆ ಅಡುಗೆ ಮಾಡಿ ಕೊಡುವವರಿದ್ದರು. ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಕೇಳಿದರೆ ಇಲ್ಲ ಅಂತಾರೆ, ಕೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದು ಹಿರಿಯರು ಹೊಸಬರಿಗೆ ಹೇಳಿಕೊಡುತ್ತಿದ್ದ ಬುದ್ಧಿ.

ನಮ್ಮ ವಿಷಯ ಗೊತ್ತಾಯಿತು. ಬೀದಿಯವರು ಯಾರೋ ದೂರು ಕೊಟ್ಟು, ಜೋನಿಂಗ್ ಅಧಿಕಾರಿಯಿಂದ ನೋಟಿಸು ಬಂತು.

ಕಾನೂನಿನ ಪುಸ್ತಕವನ್ನು ಲೈಬ್ರರಿಯಲ್ಲಿ ಕೂತು ಓದಿದಾಗ ಅದು ಪಿಯಾನೊ ಟೀಚರನ್ನು ಕಣ್ಣಮುಂದಿಟ್ಟುಕೊಂಡು ಬರೆದದ್ದೆಂದು ತಿಳಿಯಿತು. ವೈದ್ಯರು, ವಕೀಲರು ಮನೆಯ ಒಂದು ಭಾಗದಲ್ಲಿ ಕಚೇರಿ ಇಟ್ಟುಕೊಳ್ಳಬಹುದು. ಸಂಗೀತ ಹೇಳಿಕೊಡಬಹುದು, ಆದರೆ ಒಂದು ಸಲಕ್ಕೆ ಒಬ್ಬರೇ ವಿದ್ಯಾರ್ಥಿ. ಅಮೆರಿಕದ ಎಷ್ಟೋ ಊರುಗಳ ಹಳೆಯ ಕಾನೂನಿನಲ್ಲಿ ಈ ಒಬ್ಬರೇ ವಿದ್ಯಾರ್ಥಿಯ ಸಾಲು ಇದೆ. ಸರಳೆ ವರಸೆ ಕಲಿಯುವ ಮಕ್ಕಳು ಸಾಲಾಗಿ ಕೂತು ಒಟ್ಟಿಗೆ ಹಾಡುತ್ತಾರೆ, ಒಬ್ಬರ ಶ್ರುತಿಯನ್ನು ಹಿಡಿದು ಇನ್ನೊಬ್ಬರು ನಿಲ್ಲುತ್ತಾರೆ ಎಂಬುದು ಅದನ್ನು ಬರೆದವರಿಗೆ ತಿಳಿದಿರಲು ಸಾಧ್ಯವಿರಲಿಲ್ಲ. ಇದರಲ್ಲಿ ದ್ವೇಷವೇನೂ ಇರಲಿಲ್ಲ. ಆದರೂ ಪಕ್ಕದ ಬೀದಿಯ ಪಿಯಾನೊ ಪಾಠಕ್ಕೆ ಬೇಡದ ಅನುಮತಿ ನಮ್ಮ ಪಾಠಕ್ಕೆ ಬೇಕಾಯಿತು.

ಇಲ್ಲಿ ವೇರಿಯನ್ಸ್‌ಗಳಲ್ಲಿ ಎರಡು ಬಗೆ. ಸೆಟ್‌ಬ್ಯಾಕು, ಎತ್ತರ, ಬೇಲಿ ಇಂಥ ಅಳತೆಯ ವಿನಾಯಿತಿಗೆ ಸಿ ವೇರಿಯನ್ಸ್ ಅನ್ನುತ್ತಾರೆ. ಅರ್ಜಿ ಕೇಳುವ ಊರಿನ ಜೋನಿಂಗ್ ಬೋರ್ಡಿನಲ್ಲಿ ಹಾಜರಿದ್ದ ಸದಸ್ಯರಲ್ಲಿ ಹೆಚ್ಚಿನವರು ಒಪ್ಪಿದರೆ ಅದು ಸಿಗುತ್ತದೆ. ಜಾಗದ ಬಳಕೆಯನ್ನೇ ಬದಲಿಸುವುದು ಡಿ ವೇರಿಯನ್ಸ್. ಅದಕ್ಕೆ ಏಳು ಜನರ ಬೋರ್ಡಿನಲ್ಲಿ ಐದು ಮತ ಬೇಕೇಬೇಕು. ಎಷ್ಟು ಜನ ಬಂದಿದ್ದರೂ ಐದು ಐದೇ. ಮನೆಯಲ್ಲಿ ಗುಂಪಿಗೆ ಪಾಠ ಹೇಳುವುದು ಎರಡನೆಯ ಜಾತಿಗೆ ಸೇರುತ್ತದೆ ಎಂದು ವಕೀಲರು ಹೇಳಿದರು.

ಕಾಗದಗಳನ್ನು ಸರ್ಟಿಫೈಡ್ ಮೇಲಿನಲ್ಲಿ ಹಾಕಿದೆವು. ಹಾಕಿದ್ದಕ್ಕೆ ಅಂಚೆ ಕಚೇರಿಯ ಬಿಳಿ ರಸೀದಿ, ಮುಟ್ಟಿದ್ದಕ್ಕೆ ಸಹಿ ಹೊತ್ತು ಹಿಂತಿರುಗುವ ಹಸಿರು ಕಾರ್ಡು. ಎರಡನ್ನೂ ಪಟ್ಟಿಯ ಹೆಸರಿನ ಎದುರು ಒಂದೊಂದಾಗಿ ಪಿನ್ನು ಮಾಡಿ, ಎಲ್ಲರಿಗೂ ತಿಳಿಸಿದ್ದೇನೆಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಕೊಡಬೇಕಿತ್ತು. ಪ್ರಕಟಣೆ ನ್ಯೂ ಬ್ರನ್ಸ್‌ವಿಕ್‌ನ ಹೋಂ ನ್ಯೂಸ್ ಪತ್ರಿಕೆಯಲ್ಲಿ ಬಂತು. ಮರುವರ್ಷ ಆ ಪತ್ರಿಕೆ ವುಡ್‌ಬ್ರಿಜ್‌ನ ನ್ಯೂಸ್ ಟ್ರಿಬ್ಯೂನ್ ಜೊತೆ ಸೇರಿ ಹೋಂ ನ್ಯೂಸ್ ಟ್ರಿಬ್ಯೂನ್ ಆಯಿತು. ಬೀದಿಯವರ ಹೆಸರುಗಳನ್ನು ನಾನು ಮೊದಲ ಸಲ ಪೂರ್ತಿಯಾಗಿ ಓದಿದ್ದು ಆ ಪಟ್ಟಿಯಲ್ಲಿ. ಹಂಗೇರಿಯನ್, ಪೋಲಿಷ್, ಇಟಾಲಿಯನ್ ಮೂಲದ ಹೆಸರುಗಳೇ ಹೆಚ್ಚು. ನಮ್ಮವರದು ಒಂದೂ ಇರಲಿಲ್ಲ.

ವಿಚಾರಣೆ ಒಂದು ವಾರದ ದಿನ ಸಂಜೆ, ಟೌನ್‌ಶಿಪ್ ಕಟ್ಟಡದ ಸಭಾಂಗಣದಲ್ಲಿ. ಮೊದಲು ಅಧ್ಯಕ್ಷರು 1975ರ ಸಾರ್ವಜನಿಕ ಸಭೆಗಳ ಕಾನೂನಿನ ಪ್ರಕಾರ ಈ ಸಭೆಗೆ ಮುಂಚಿತವಾಗಿ ಸೂಚನೆ ಕೊಡಲಾಗಿದೆ ಎಂಬ ಹೇಳಿಕೆ ಓದಿದರು, ಎಲ್ಲರೂ ಧ್ವಜಕ್ಕೆ ನಮಿಸಿದರು. ನಮ್ಮಿಬ್ಬರಿಂದಲೂ ಬಲಗೈ ಎತ್ತಿಸಿ ಪ್ರಮಾಣ ಮಾಡಿಸಿದರು. ಆ ದಿನ ಆರು ಸದಸ್ಯರಷ್ಟೇ ಬಂದಿದ್ದರು. ಪೂರ್ಣ ಬೋರ್ಡು ಬೇಕಿದ್ದರೆ ಮುಂದಿನ ತಿಂಗಳಿಗೆ ಹೋಗಬಹುದು ಎಂದು ಅಧ್ಯಕ್ಷರೇ ಕೇಳಿದರು. ಇವತ್ತೇ ಆಗಲಿ ಅಂದೆವು.

ಮಕ್ಕಳು ಹುಟ್ಟಿದ ನಾಡಿನಲ್ಲಿ ಕರ್ನಾಟಕ ಸಂಗೀತ ಕಲಿಯುವ ದಾರಿ ಇದೊಂದೇ, ತಾನು ಬಾಡಿಗೆಯ ಕಟ್ಟಡ ಹಿಡಿದು ನಡೆಸಲಾರೆ ಎಂದು ನನ್ನ ಹೆಂಡತಿ ಮನಸ್ಸು ಬಿಚ್ಚಿ ಹೇಳಿದಳು. ಅಧ್ಯಕ್ಷರು ಪೂರ್ತಿ ಕೇಳಿಸಿಕೊಂಡರು. ಆಮೇಲೆ, ನಿಮ್ಮ ಕಷ್ಟ ಅರ್ಥವಾಗುತ್ತದೆ, ಆದರೆ ಕಾನೂನು ನಮ್ಮನ್ನು ಕೇಳುವುದು ಈ ಜಾಗದ ಬಗ್ಗೆ, ಈ ಜಾಗವೇ ಇದಕ್ಕೆ ಯಾಕೆ ಸರಿ ಎಂದು ಹೇಳಿ ಅಂದರು. ಈ ಪ್ರಶ್ನೆಯನ್ನು ಅಂದಿನಿಂದ ಇಂದಿನವರೆಗೆ ನಾನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ. 1987ರ ಮೆಡಿಚಿ ಪ್ರಕರಣದಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಬಳಕೆಯ ವಿನಾಯಿತಿಗೆ ಇದನ್ನು ಬಿಗಿಮಾಡಿತು. ಅರ್ಜಿದಾರರ ಬದುಕಿನ ಅಗತ್ಯ ಎಷ್ಟೇ ನಿಜವಾಗಿದ್ದರೂ ಅದು ಸಾಲದು. ಆ ನಿರ್ದಿಷ್ಟ ಜಾಗ ಆ ಬಳಕೆಗೆ ವಿಶೇಷವಾಗಿ ಹೊಂದುತ್ತದೆಂದು ತೋರಿಸಬೇಕು, ಸುತ್ತಲಿನವರಿಗೆ ಗಣನೀಯ ಹಾನಿ ಆಗುವುದಿಲ್ಲವೆಂದೂ ತೋರಿಸಬೇಕು. ನಮ್ಮ ಮನೆ ಬೀದಿಯ ಕೊನೆಯದು, ಹಿಂದುಗಡೆ ಶಾಲೆಯ ಮೈದಾನ, ಡ್ರೈವ್‌ವೇ ಉದ್ದವಾಗಿದ್ದು ಕಾರುಗಳು ಬೀದಿಗೆ ಬಾರದೆ ನಿಲ್ಲುತ್ತವೆ ಎಂದು ನಕ್ಷೆ ಇಟ್ಟು ವಕೀಲರು ವಾದಿಸಿದರು.

ಆಮೇಲೆ ಸಾರ್ವಜನಿಕರ ಸರದಿ. ಎದುರು ಮನೆಯವರು ಎದ್ದು ಬಂದರು. ಎಡಿಸನ್‌ನ ಫೋರ್ಡ್ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಮನುಷ್ಯ. ದೂರು ಕೊಟ್ಟದ್ದು ತಾನೇ ಎಂದು ಮೊದಲ ಮಾತಿಗೇ ಹೇಳಿದರು. ತನ್ನ ಹೆಂಡತಿ ಆಕ್ಸಿಜನ್ ಮೇಲಿದ್ದಾಳೆ, ಶನಿವಾರ ಬೆಳಿಗ್ಗೆ ಬೀದಿಯ ಎರಡೂ ಬದಿ ಕಾರು ನಿಲ್ಲುತ್ತವೆ, ಆಂಬುಲೆನ್ಸ್ ಬಂದರೆ ಎಲ್ಲಿ ನುಗ್ಗಬೇಕು ಎಂದು ಕೇಳಿದರು. ಹಾಡಿನ ಬಗ್ಗೆ, ನಮ್ಮ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೋರ್ಡು ಅವರನ್ನೂ ನಮ್ಮನ್ನೂ ಒಂದೇ ಮೈಕಿನ ಮುಂದೆ ನಿಲ್ಲಿಸಿ, ಎಷ್ಟು ಮಕ್ಕಳಾದರೆ ಆದೀತು, ಒಂದು ತರಗತಿ ಮುಗಿದು ಇನ್ನೊಂದು ಶುರುವಾಗುವ ನಡುವೆ ಎಷ್ಟು ಹೊತ್ತು ಬಿಡಬಹುದು ಎಂದು ಕೇಳುತ್ತ ಹೋಯಿತು. ಒಮ್ಮೆಗೆ ಆರು ಮಕ್ಕಳು, ತರಗತಿಗಳ ನಡುವೆ ಕಾಲು ಗಂಟೆ ಬಿಡುವು, ಕಾರುಗಳು ಡ್ರೈವ್‌ವೇಯಲ್ಲೇ, ನಾಮಫಲಕ ತೂಗುಹಾಕುವಂತಿಲ್ಲ, ರಾತ್ರಿ ಎಂಟರ ಮೇಲೆ ಪಾಠವಿಲ್ಲ. ಈ ಷರತ್ತುಗಳ ಮೇಲೆ ಐದು ಮತ ಪರ, ಒಂದು ವಿರುದ್ಧ. ಇನ್ನೊಂದು ಮತ ಅತ್ತ ಹೋಗಿದ್ದರೆ ಪಾಠ ನಿಲ್ಲುತ್ತಿತ್ತು. ಎದುರು ಮನೆಯವರು ಅದಾದ ಮೇಲೆ ಶನಿವಾರಗಳಂದು ನಮ್ಮ ಡ್ರೈವ್‌ವೇ ಕಡೆ ಕಣ್ಣಿಟ್ಟಿರುತ್ತಿದ್ದರು. ಅವರ ಹೆಂಡತಿ ತೀರಿಕೊಂಡ ಮೇಲೂ ನಾವು ಆ ಷರತ್ತುಗಳಲ್ಲಿ ಒಂದನ್ನೂ ಮುರಿಯಲಿಲ್ಲ.

ಆ ವರ್ಷಗಳಲ್ಲಿ ನಮ್ಮ ಜನ ಈ ಬೋರ್ಡಿನ ಮುಂದೆ ಹೋದದ್ದು ಹೆಚ್ಚಾಗಿ ಎರಡು ವಿಷಯಕ್ಕೆ. ಒಂದು, ಮೂಲೆ ಸೈಟು. ಕಾರ್ನರ್ ಸೈಟೆಂದು ಊರಿನ ಅಭ್ಯಾಸದಂತೆ ಖುಷಿಪಟ್ಟು ಕೊಂಡವರಿಗೆ, ಇಲ್ಲಿ ಅದಕ್ಕೆ ಎರಡು ಮುಂಭಾಗ ಎಂದು ಆಮೇಲೆ ಗೊತ್ತಾಗುತ್ತಿತ್ತು. ಎರಡೂ ಬೀದಿಯ ಕಡೆ ಮುಂಭಾಗದ ಸೆಟ್‌ಬ್ಯಾಕು ಬಿಡಬೇಕು. ಹಿತ್ತಲೆಂದು ಅಂದುಕೊಂಡ ಕಡೆ ಆಳೆತ್ತರದ ಬೇಲಿ ಹಾಕುವಂತಿಲ್ಲ. ಇದು ಜಾಗದ್ದೇ ತೊಂದರೆಯಾದ್ದರಿಂದ ವಿನಾಯಿತಿ ಸುಲಭವಾಗಿ ಸಿಗುತ್ತಿತ್ತು.

ಇನ್ನೊಂದು ಎರಡನೇ ಅಡುಗೆಮನೆ. ಇದು ಸುಲಭದ್ದಲ್ಲ. ಒಗ್ಗರಣೆಯ ಘಾಟು ಮನೆತುಂಬ ಹರಡದಿರಲೆಂದು ಬೇಸ್‌ಮೆಂಟಿನಲ್ಲಿ ಒಂದು ಒಲೆ, ಅಥವಾ ಊರಿಂದ ಬಂದ ಅತ್ತೆಯ ಮಡಿಗೆ ಒಂದು ಒಲೆ. ನಮ್ಮ ದೃಷ್ಟಿಯಲ್ಲಿ ಅಷ್ಟೇ. ಊರಿನ ದೃಷ್ಟಿಯಲ್ಲಿ ಒಲೆ, ಸಿಂಕು, ಹೊರಗಿನಿಂದ ಪ್ರತ್ಯೇಕ ಬಾಗಿಲು, ಈ ಮೂರೂ ಸೇರಿದರೆ ಅದು ಇನ್ನೊಂದು ಮನೆ. ಒಂಟಿ ಮನೆಗಳ ವಲಯದಲ್ಲಿ ಎರಡು ಸಂಸಾರದ ಮನೆ ನಿಷಿದ್ಧ, ನಾಳೆ ಬಾಡಿಗೆಗೆ ಕೊಟ್ಟರೆ ತಡೆಯುವವರು ಯಾರು? ಬಾಡಿಗೆಗೆ ಕೊಡುವುದಿಲ್ಲವೆಂದು ಮನೆಯ ಕ್ರಯಪತ್ರದಲ್ಲೇ ದಾಖಲಿಸಿಕೊಟ್ಟವರಿಗೆ ಕೆಲವು ಊರುಗಳು ಒಪ್ಪಿಗೆ ಕೊಟ್ಟವು. ಒಂದು ಸಂಸಾರವೆಂದರೆ ಎಷ್ಟು ತಲೆಮಾರು ಎಂಬುದನ್ನು ನಮ್ಮ ಅಡುಗೆಮನೆಯ ನಲ್ಲಿ ಒಲೆಗಳನ್ನು ಎಣಿಸಿ ತೀರ್ಮಾನಿಸುವುದು ನನಗೆ ಆಗಲೂ ಒಪ್ಪಿಗೆಯಾಗಿರಲಿಲ್ಲ, ಈಗಲೂ ಇಲ್ಲ.

ಮೈಸೂರಿನ ಚಾಮರಾಜಪುರಂನಿಂದ ಬಂದಿದ್ದ ನನ್ನ ತಾಯಿ, ಬೀದಿಯಲ್ಲಿ ಒಂದು ಅಂಗಡಿಯೂ ಇಲ್ಲವಲ್ಲ, ಹಿಟ್ಟಿನ ಗಿರಣಿ ಎಲ್ಲಿ, ರವಿಕೆ ಹೊಲಿಯುವವರು ಎಲ್ಲಿ ಎಂದು ಕೇಳಿದ್ದಳು. ನಮ್ಮ ಕಡೆ ಮನೆಯ ಮುಂಗೋಣೆ ಎಂದಿನಿಂದಲೂ ಅರ್ಧ ಅಂಗಡಿ. ಆದರೆ ಅಲ್ಲಿಯದೂ ಕಾನೂನಿಲ್ಲದ ಸ್ವರ್ಗವಲ್ಲ. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಿಂದ ಹಿಡಿದು ವಲಯ ನಿಯಮ, ಸೆಟ್‌ಬ್ಯಾಕು ಎಲ್ಲವೂ ಅಲ್ಲಿವೆ. ಬೆಂಗಳೂರಿನ 2003ರ ಕಟ್ಟಡ ಬೈಲಾ ಶೇ. 5ರವರೆಗಿನ ಸಣ್ಣ ಉಲ್ಲಂಘನೆಯನ್ನು ಆಯುಕ್ತರು ಸಕ್ರಮ ಮಾಡಲು ಅವಕಾಶ ಕೊಟ್ಟಿತ್ತು. ಅಕ್ರಮ-ಸಕ್ರಮ ಯೋಜನೆ ವಾಸದ ಕಟ್ಟಡಗಳಿಗೆ ಶೇ. 50, ಉಳಿದವಕ್ಕೆ ಶೇ. 25ರವರೆಗೆ ಹೋಯಿತು. 2016ರ ಡಿಸೆಂಬರಿನಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಕಟ್ಟಿಯಾದ ಮೇಲೆ ದಂಡ ಕಟ್ಟಿ ಸರಿಮಾಡಿಸಿಕೊಳ್ಳುವ ಆ ದಾರಿಯಲ್ಲಿ ಪಕ್ಕದ ಮನೆಯವರ ಗಾಳಿ ಬೆಳಕು ಹೋದದ್ದರ ಬಗ್ಗೆ ಅವರನ್ನು ಕೂರಿಸಿ ಕೇಳುವ ಹೊತ್ತೇ ಇಲ್ಲ. ಇಲ್ಲಿಯ ಪದ್ಧತಿಯಲ್ಲಿ ನಾನು ಮನಸಾರೆ ಗೌರವಿಸುವುದು ಆ ಒಂದನ್ನು: ಮೊಳೆ ಹೊಡೆಯುವ ಮೊದಲೇ ನೆರೆಯವರ ಮುಂದೆ ನಿಂತು ಹೇಳಬೇಕು, ಅವರೂ ಪ್ರಮಾಣ ಮಾಡಿ ಉತ್ತರ ಕೊಡಬೇಕು.

2011ರಲ್ಲಿ ನನ್ನನ್ನು ಅದೇ ಬೋರ್ಡಿಗೆ ಬದಲಿ ಸದಸ್ಯನಾಗಿ ನೇಮಿಸಿದರು, ಆಮೇಲೆ ಖಾಯಂ ಸದಸ್ಯನಾದೆ. ಇದು ಸಂಬಳವಿಲ್ಲದ ಕೆಲಸ. ಭೂಬಳಕೆಯ ಕಾನೂನಿನ ಬಗ್ಗೆ ತರಬೇತಿ ಕಡ್ಡಾಯವೆಂದು ರಾಜ್ಯ 2005ರಲ್ಲಿ ಕಾನೂನು ಮಾಡಿದ್ದರಿಂದ ಅದನ್ನು ಮುಗಿಸಿದೆ. ನನ್ನ ಕುತೂಹಲಕ್ಕೆ ಅಲ್ಲಿಂದ ಮುಂದೆಯೂ ಓದಿದೆ. 1926ರಲ್ಲಿ ಒಹಾಯೊದ ಯೂಕ್ಲಿಡ್ ಎಂಬ ಹಳ್ಳಿಯ ಪ್ರಕರಣದಲ್ಲಿ ದೇಶದ ಸುಪ್ರೀಂ ಕೋರ್ಟ್ ಜೋನಿಂಗ್ ಸರಿಯೆಂದಿತು. ಒಂಟಿ ಮನೆಗಳ ನಡುವಿನ ಅಪಾರ್ಟ್‌ಮೆಂಟನ್ನು ಆ ತೀರ್ಪು ಬರೆದ ನ್ಯಾಯಮೂರ್ತಿ ಸದರ್‌ಲ್ಯಾಂಡ್ ಪರಾವಲಂಬಿ ಜೀವಿ ಎಂದು ಕರೆದಿದ್ದಾರೆ. ಮರುವರ್ಷ ನ್ಯೂಜೆರ್ಸಿ ತನ್ನ ಸಂವಿಧಾನವನ್ನೇ ತಿದ್ದಿ ಜೋನಿಂಗ್‌ಗೆ ಜಾಗ ಮಾಡಿಕೊಟ್ಟಿತು.

ನನ್ನ ಮನಸ್ಸಿನಲ್ಲಿ ನಿಂತದ್ದು ಮಾತ್ರ ಅದಕ್ಕೂ ಹಳೆಯ ಪ್ರಕರಣ. 1880ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ, ಮರದ ಕಟ್ಟಡದಲ್ಲಿ ಲಾಂಡ್ರಿ ನಡೆಸಲು ನಗರದ ಮಂಡಳಿಯ ಒಪ್ಪಿಗೆ ಬೇಕೆಂದು ನಿಯಮ ಮಾಡಿತು. ಬೆಂಕಿಯ ಭಯ ನೆಪವೂ ಹೌದು, ನಿಜವೂ ಹೌದು. ಒಪ್ಪಿಗೆ ಯಾವ ಆಧಾರದ ಮೇಲೆ ಎಂದು ಮಾತ್ರ ಎಲ್ಲೂ ಬರೆದಿರಲಿಲ್ಲ. ಸುಮಾರು 200 ಚೀನೀಯರು ಅರ್ಜಿ ಹಾಕಿದರು, ಒಬ್ಬರಿಗೂ ಸಿಗಲಿಲ್ಲ. ಚೀನೀಯರಲ್ಲದ ಸುಮಾರು 80 ಜನರಲ್ಲಿ ಒಬ್ಬರನ್ನುಳಿದು ಎಲ್ಲರಿಗೂ ಸಿಕ್ಕಿತು. 1886ರ ಯಿಕ್ ವೊ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಆಗಿ ಕಾಣುವ ನಿಯಮವನ್ನು ಜಾತಿ ಜನಾಂಗ ನೋಡಿ ಜಾರಿಮಾಡಿದರೆ ಅದೂ ಸಂವಿಧಾನಕ್ಕೆ ವಿರುದ್ಧ ಎಂದಿತು. ಬೋರ್ಡು ತನ್ನ ಪ್ರತಿ ತೀರ್ಮಾನಕ್ಕೂ ಕಾರಣಗಳನ್ನು ಬರೆದು ನಿರ್ಣಯ ಅಂಗೀಕರಿಸಬೇಕು ಎಂಬ ನಿಯಮ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನಾನು ಈ ಲಾಂಡ್ರಿಗಳ ಕತೆ ಹೇಳುತ್ತೇನೆ. 1994ರಲ್ಲಿ ಅಧ್ಯಕ್ಷರು ನನ್ನ ಹೆಂಡತಿಯ ಕಣ್ಣೀರು ಬಿಟ್ಟು ಡ್ರೈವ್‌ವೇಯ ಉದ್ದ ಕೇಳಿದ್ದು ಆಗ ಕಠೋರವೆನಿಸಿತ್ತು. ಕಣ್ಣೀರು ನೋಡಿ ಕೊಡುವವರು ಮುಖ ನೋಡಿ ಕೊಡದಿರಲೂಬಹುದು.

ಬೋರ್ಡಿಗೆ ಸೇರಿದ ಮೇಲೆ ಮನೆಗೆ ಫೋನುಗಳು ಬರತೊಡಗಿದವು. ನಮ್ಮದೊಂದು ಅರ್ಜಿ ಇದೆ, ನೀವಿದ್ದೀರಲ್ಲ, ಸ್ವಲ್ಪ ನೋಡಿ. ಸಭೆಯ ದಾಖಲೆಯ ಹೊರಗೆ ಅರ್ಜಿಯ ಬಗ್ಗೆ ಒಂದಕ್ಷರವನ್ನೂ ನಾನು ಕೇಳುವಂತಿಲ್ಲ ಎಂದರೆ ಬೇಸರಪಡುತ್ತಿದ್ದರು. ನನ್ನ ಆಸ್ತಿ ಅರ್ಜಿದಾರರ ಜಾಗದಿಂದ 200 ಅಡಿಯೊಳಗಿದ್ದರೆ ನಾನು ಎದ್ದು ಹೊರಗೆ ಹೋಗಬೇಕು. ಬರೀ ಕನ್ನಡ ಕೂಟದ ಪರಿಚಯವಾದರೆ ಅದನ್ನು ಎಲ್ಲರೆದುರು ಹೇಳಿ ಕೂರಬಹುದು ಎಂದು ಬೋರ್ಡಿನ ವಕೀಲರು ತಿಳಿಸಿದ್ದಾರೆ. ಕೆಲವರ ಸ್ನೇಹ ಇದರಿಂದ ತೆಳುವಾಯಿತು. ಅದಕ್ಕೆ ನಾನೇನೂ ಮಾಡುವ ಹಾಗಿರಲಿಲ್ಲ.

ಕಾಗದಪತ್ರದ ಭಾಗ ಈಗ ಬಹಳ ಹಗುರ. ಊರಿನ ಕಾನೂನು ಫೋನಿನಲ್ಲೇ ಸಿಗುತ್ತದೆ, ಸೈಟಿನ ನಕ್ಷೆಯನ್ನು ಕಂಪ್ಯೂಟರಿನಲ್ಲಿ ತೆರೆದು ಬೇಲಿಯ ದೂರ ಅಳೆಯಬಹುದು. 2020ರಲ್ಲಿ ಕೋವಿಡ್ ಬಂದಾಗ ವಿಚಾರಣೆಗಳನ್ನೇ ಪರದೆಯ ಮೇಲೆ ನಡೆಸಿದೆವು. ಆ ವರ್ಷ ಊರಿಗೆ ಊರೇ ಮನೆಯಿಂದ ದುಡಿಯಿತು, ಬೇಸ್‌ಮೆಂಟ್ ಕಚೇರಿಗೆ ಯಾರೂ ನೋಟಿಸು ಕೊಡಲಿಲ್ಲ. 2025ರ ಫೆಬ್ರವರಿಯಲ್ಲಿ ಸ್ಟಾರ್-ಲೆಜರ್ ಪತ್ರಿಕೆ ಕಾಗದದ ಮೇಲೆ ಮುದ್ರಣವಾಗುವುದೇ ನಿಂತಿತು. ಪ್ರಕಟಣೆ ಇನ್ನು ಎಲ್ಲಿ ಹಾಕಿಸಬೇಕೆಂಬುದೇ ಊರುಗಳಿಗೆ ಹೊಸ ತಲೆನೋವಾಯಿತು. ಖರ್ಚು ಮಾತ್ರ ಹಗುರವಾಗಿಲ್ಲ. ಅರ್ಜಿಯ ಶುಲ್ಕದ ಜೊತೆ ಮುಂಗಡ ಹಣ ಇಡಬೇಕು, ಬೋರ್ಡಿನ ಇಂಜಿನಿಯರು ನಿಮ್ಮ ನಕ್ಷೆ ಓದಿದ ಗಂಟೆಗಳನ್ನು ಅದರಿಂದ ಮುರಿದುಕೊಳ್ಳುತ್ತಾರೆ. ಒಂದು ಡೆಕ್ಕಿನ ವಿನಾಯಿತಿಗೆ ಡೆಕ್ಕಿನ ಮರಕ್ಕಿಂತ ಹೆಚ್ಚು ಕೊಟ್ಟವರನ್ನು ನೋಡಿದ್ದೇನೆ.

ಕಾನೂನೂ ಅಲ್ಲಲ್ಲಿ ಸಡಿಲಾಗಿದೆ. ಐದು ಮಕ್ಕಳವರೆಗಿನ ಮನೆಯ ಶಿಶುವಿಹಾರಕ್ಕೆ ಯಾವ ವಾಸದ ವಲಯದಲ್ಲೂ ಅವಕಾಶವುಂಟೆಂದು ರಾಜ್ಯವೇ ಹೇಳಿರುವುದರಿಂದ ನಮ್ಮ ಎಷ್ಟೋ ಹೆಂಗಸರು ವೇರಿಯನ್ಸ್ ಇಲ್ಲದೆ ಅದನ್ನು ನಡೆಸುತ್ತಿದ್ದಾರೆ. ಪ್ರಿನ್ಸ್‌ಟನ್, ಮೇಪಲ್‌ವುಡ್‌ನಂಥ ಊರುಗಳು ಮನೆಯ ಜೊತೆ ಇನ್ನೊಂದು ಸಣ್ಣ ಮನೆಗೆ ಒಪ್ಪಿವೆ, ಅಲ್ಲಿ ಎರಡನೇ ಒಲೆ ಅಪರಾಧವಲ್ಲ. ಈ ಪುಟ್ಟ ರಾಜ್ಯದಲ್ಲಿ 564 ಊರಾಡಳಿತಗಳಿವೆ, ಪ್ರತಿಯೊಂದಕ್ಕೂ ತನ್ನದೇ ಪುಸ್ತಕ. ರಸ್ತೆಯ ಆಚೆ ಬದಿ ಸಲ್ಲುವುದು ಈಚೆ ಬದಿ ಸಲ್ಲದಿರಬಹುದು.

ಪಟ್ಟಿಯಲ್ಲಿರುವ ಹೆಸರುಗಳೂ ಬದಲಾಗಿವೆ. 200 ಅಡಿಯೊಳಗೆ ಈಗ ರಾವ್, ಪಟೇಲ್, ರೆಡ್ಡಿ, ಗೌಡ ಎಲ್ಲರೂ ಇದ್ದಾರೆ. ಮೈಕಿನ ಮುಂದೆ ವಿರೋಧಿಸಲು ಎದ್ದು ಬರುವವರೂ ಅವರೇ. ಕಾರು ನಿಲ್ಲಿಸುವ ತೊಂದರೆ, ಮನೆಯ ಬೆಲೆ, ಬಡಾವಣೆಯ ಸ್ವರೂಪ ಎಂದು 1994ರಲ್ಲಿ ಬೇರೆಯವರ ಬಾಯಲ್ಲಿ ಕೇಳಿದ ಮಾತುಗಳೇ. ಹಕ್ಕಿಲ್ಲವೆಂದಲ್ಲ. ಕಷ್ಟಪಟ್ಟು ಕೊಂಡ ಮನೆಯ ಸುತ್ತಮುತ್ತ ಹೇಗಿರಬೇಕೆಂದು ಹೇಳುವ ಹಕ್ಕು ಅವರಿಗೂ ಇದೆ. ಆದರೆ ಆಂಬುಲೆನ್ಸಿನ ದಾರಿ ಕೇಳಿದ ಆ ಕಾರ್ಖಾನೆಯ ಕೆಲಸಗಾರನ ಮಾತಿನಲ್ಲಿದ್ದ ನಿಖರತೆ ಇವರ ಮಾತಿನಲ್ಲಿ ನನಗೆ ಬಹಳ ಸಲ ಸಿಗುವುದಿಲ್ಲ.

ಇತ್ತೀಚಿನದೊಂದು ಅರ್ಜಿ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಾಸನದ ಕಡೆಯ ಯುವ ದಂಪತಿ. ಆಕೆ ಮನೆಯಲ್ಲಿ ಅಯ್ಯಂಗಾರ್ ಬೇಕರಿಯ ರುಚಿಯ ಖಾರಾ ಬಿಸ್ಕತ್ತು, ಬೆಣ್ಣೆ ಬಿಸ್ಕತ್ತು ಮಾಡಿ ಮಾರುತ್ತಾಳೆ. ಮನೆಯಲ್ಲಿ ಬೇಯಿಸಿ ಮಾರುವುದನ್ನು ದೇಶದಲ್ಲಿ ಕಟ್ಟಕಡೆಯವರೆಗೆ ನಿಷೇಧಿಸಿದ್ದ ರಾಜ್ಯ ನ್ಯೂಜೆರ್ಸಿ. 2021ರ ಅಕ್ಟೋಬರಿನಲ್ಲಷ್ಟೇ ಅದು ಸಡಿಲಾಯಿತು. ಎರಡು ವರ್ಷಕ್ಕೆ 100 ಡಾಲರು ಕೊಟ್ಟು ಆರೋಗ್ಯ ಇಲಾಖೆಯ ಪರವಾನಗಿ ಪಡೆಯಬೇಕು, ವರ್ಷದ ಮಾರಾಟ 50,000 ಡಾಲರು ಮೀರಬಾರದು, ಫ್ರಿಜ್ಜಿನಲ್ಲಿಡಬೇಕಾದ ತಿನಿಸು ಮಾಡುವಂತಿಲ್ಲ. ಇದೆಲ್ಲ ಆಕೆಗಿತ್ತು. ಆದರೆ ರಾಜ್ಯದ ಪರವಾನಗಿ ಊರಿನ ಜೋನಿಂಗನ್ನು ಮೀರುವುದಿಲ್ಲ. ಮನೆಯ ವ್ಯಾಪಾರಕ್ಕೆ ಗಿರಾಕಿ ಬಾಗಿಲಿಗೆ ಬರುವಂತಿಲ್ಲ ಎಂದು ನಮ್ಮೂರ ಕಾನೂನು. ಶುಕ್ರವಾರ ಸಂಜೆ ಒಂದಷ್ಟು ಹೊತ್ತು ಜನ ಬಂದು ಡಬ್ಬಿ ತೆಗೆದುಕೊಂಡು ಹೋಗಲು ಅವಕಾಶ ಕೊಡಿ ಎಂದು ಆಕೆ ಕೇಳಿದ್ದಳು. ಅದೂ ಡಿ ವೇರಿಯನ್ಸ್.

ಆಕೆ ಚೆನ್ನಾಗಿ ಸಿದ್ಧವಾಗಿ ಬಂದಿದ್ದಳು. ಬರುವವರಿಗೆ ಹತ್ತು ಹತ್ತು ನಿಮಿಷದ ಸರದಿ ಕೊಡುವ ವ್ಯವಸ್ಥೆ, ಡ್ರೈವ್‌ವೇಯ ನಕ್ಷೆ, ಎರಡು ವಾರದ ಶುಕ್ರವಾರಗಳಂದು ಬೀದಿಯಲ್ಲಿ ತೆಗೆದ ಫೋಟೊ ಎಲ್ಲವನ್ನೂ ತೋರಿಸಿದಳು. ವಿರೋಧಿಸಿ ಮಾತಾಡಿದವರಲ್ಲಿ ಒಬ್ಬರು ಕನ್ನಡದವರೇ. ತಮ್ಮ ಮನೆಗೆ ಡೆಕ್ಕಿನ ವಿನಾಯಿತಿ, ಎರಡನೇ ಅಡುಗೆಮನೆಯ ಅನುಮತಿ ಎರಡನ್ನೂ ಇದೇ ಬೋರ್ಡಿನಿಂದ ಪಡೆದವರು. ಇವತ್ತು ಬಿಸ್ಕತ್ತು, ನಾಳೆ ಹೋಟೆಲು ಅಂದರು. ಪ್ರತಿ ಅರ್ಜಿಯೂ ತನ್ನಷ್ಟಕ್ಕೆ ತಾನು, ಒಂದು ಇನ್ನೊಂದಕ್ಕೆ ಮೇಲ್ಪಂಕ್ತಿಯಲ್ಲ ಎಂದು ಬೋರ್ಡಿನ ವಕೀಲರು ವಿವರಿಸಿದರು. ಬಂದ ಕಾರುಗಳಿಂದ ಅವರಿಗೆ ಇದುವರೆಗೆ ಆದ ತೊಂದರೆ ಏನೆಂದು ನಾನೇ ಕೇಳಿದೆ. ಇದುವರೆಗೆ ಇಲ್ಲ ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಭಯ ಇರುವುದು ಮುಂದಿನದರ ಬಗ್ಗೆ.

ನಾಲ್ಕು ಮತ ಪರ, ಮೂರು ವಿರುದ್ಧ. ಹೆಚ್ಚಿನವರು ಒಪ್ಪಿದರೂ ಐದು ಸಿಗಲಿಲ್ಲವಾದ್ದರಿಂದ ಅರ್ಜಿ ಬಿತ್ತು. ನನ್ನ ಮತ ಪರವಾಗಿತ್ತು. ವಿರುದ್ಧ ಹಾಕಿದವರು ಕೆಟ್ಟವರಲ್ಲ. ಇದು ಈ ಒಂದು ಮನೆಯ ಪ್ರಶ್ನೆಯಲ್ಲ, ಎಲ್ಲ ಮನೆಗಳಿಗೂ ಬಂದಿರುವ ಪ್ರಶ್ನೆ, ಕಾನೂನನ್ನೇ ತಿದ್ದಬೇಕಾದ್ದು ಕೌನ್ಸಿಲ್ಲು, ವಿನಾಯಿತಿಯ ಹೆಸರಿನಲ್ಲಿ ಅದನ್ನು ನಾವು ತಿದ್ದಬಾರದು ಎಂದು ಅವರಲ್ಲಿ ಇಬ್ಬರು ಹೇಳಿದರು. ವಾದ ಸರಿಯಾದದ್ದೇ. ಆದರೆ ಆ ಸಂಜೆ ವಕೀಲರಿಗೂ ಇಂಜಿನಿಯರಿಗೂ ಕೈಗಂಟು ಕರಗಿಸಿ ಬರಿಗೈಲಿ ಹೋದವಳು ಆಕೆ. ಈಗ ಸ್ವತಃ ಕಾರಿನಲ್ಲಿ ಮನೆಮನೆಗೆ ಹೋಗಿ ಡಬ್ಬಿ ಮುಟ್ಟಿಸುತ್ತಾಳೆ, ಅದಕ್ಕೆ ಬೋರ್ಡಿನ ಅನುಮತಿ ಬೇಕಿಲ್ಲ.

ವರ್ಷಕ್ಕೊಮ್ಮೆ ಬೋರ್ಡು ತನ್ನ ತೀರ್ಮಾನಗಳನ್ನೆಲ್ಲ ಪರಿಶೀಲಿಸಿ, ಕಾನೂನಿನಲ್ಲಿ ಏನು ಬದಲಾಗಬೇಕೆಂದು ಕೌನ್ಸಿಲ್ಲಿಗೆ ವರದಿ ಕೊಡಬೇಕು. ರಾಜ್ಯದ ಕಾನೂನಿನಲ್ಲಿ ಇದು ಕಡ್ಡಾಯ, ಬಹುತೇಕ ಊರುಗಳಲ್ಲಿ ಎರಡು ಪುಟದ ಶಾಸ್ತ್ರ. ಈ ಸಲದ್ದನ್ನು ಬರೆಯುವ ಹೊಣೆಯನ್ನು ನಾನು ಕೇಳಿ ತೆಗೆದುಕೊಂಡೆ. ಮನೆಯಲ್ಲಿ ಒಮ್ಮೆಗೆ ಆರು ವಿದ್ಯಾರ್ಥಿಗಳವರೆಗೆ ಪಾಠ ಹೇಳಬಹುದು, ಹೊತ್ತು ಗೊತ್ತುಮಾಡಿಕೊಂಡು ಗಿರಾಕಿಗಳು ಬರಬಹುದು, ಕಾರುಗಳು ಡ್ರೈವ್‌ವೇಯಲ್ಲೇ ನಿಲ್ಲಬೇಕು, ಇಷ್ಟನ್ನು ಯಾರೂ ವೇರಿಯನ್ಸ್ ಕೇಳದೆ ಮಾಡುವಂತಾಗಲಿ ಎಂದು ಬರೆದೆವು. ಈ ಸಲ ವಿರುದ್ಧ ಮತ ಹಾಕಿದ್ದವರೂ ಸಹಿ ಹಾಕಿದರು. ಕರಡು ಸಿದ್ಧವಾಗಿ ಕೌನ್ಸಿಲ್ಲಿನಲ್ಲಿ ಮೊದಲ ಓದು ಮುಗಿದಿದೆ, ಈಗ ಪ್ಲಾನಿಂಗ್ ಬೋರ್ಡಿನ ಮುಂದಿದೆ. ಅಭಿಪ್ರಾಯ ಹೇಳಲು ಅವರಿಗೆ 35 ದಿನ ಸಮಯವಿದೆ. ಎರಡನೇ ಓದಿನ ದಿನ ಊರಿನ ಯಾರು ಬೇಕಾದರೂ ಮಾತಾಡಬಹುದು. ಇದು ಒಬ್ಬರ ಅರ್ಜಿಯಲ್ಲ, ಊರಿನ ಕಾನೂನು, ಹಾಗಾಗಿ ಇದರ ಬಗ್ಗೆ ಹೊರಗೆ ಮಾತಾಡಲು ನನಗೂ ಅಡ್ಡಿಯಿಲ್ಲ. ಬಿಸ್ಕತ್ತಿನ ಹುಡುಗಿಗೆ ಫೋನು ಮಾಡಿ ದಿನಾಂಕ ತಿಳಿಸಿದೆ. ಆಮೇಲೆ ವಿರೋಧಿಸಿದವರಿಗೂ ಮಾಡಿ ತಿಳಿಸಿದೆ. ಬರುತ್ತೇನೆ ಎಂದಿದ್ದಾರೆ.